ನಲವತ್ತೆಂಟು ತೂತಿನ ತಾಳ

ನಗೆಪಾಟಲಾಗುವುದು ಕೆಲವರಿಗೆ ವರ್ಷಕ್ಕೊಂದು ಸಲ ಒದಗುವ ಯೋಗ. ನನಗೆ ಹಾಗಲ್ಲ, ಅದು ನಮ್ಮ ಬೀದಿಗೆ ಹಾಲಿನವಳು ಬಂದ ಹಾಗೆ, ತಪ್ಪದೆ ಬರುತ್ತದೆ. ಯಾವುದಕ್ಕೆ ಕೈ ಹಾಕಿದರೂ ನಾಲ್ಕು ಜನ ನಕ್ಕೇ ಮನೆಗೆ ಹೋಗುತ್ತಾರೆ. ಅದರಲ್ಲೂ ಅರವತ್ತರ ದಶಕದ ಕೊನೆಯಲ್ಲಿ ನಾನು ಒಂದು ತಾಳದ ಯಂತ್ರ ಮಾಡಿದೆನಲ್ಲ, ಆ ಒಂದು ವರ್ಷ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯ ಜನ ಪುಕ್ಕಟೆ ನಕ್ಕರು.

ನಾವು ಕೊಳ್ಳೇಗಾಲದ ರೇಷ್ಮೆ ನೇಯುವವರು. ಅಪ್ಪ ಮಗ್ಗದಲ್ಲಿ ಕೂತರೆ, ಸೀರೆಯ ಅಂಚಿನ ಚಿತ್ರವನ್ನು ಗ್ರಾಫ್ ಹಾಳೆಯ ಚೌಕಗಳಲ್ಲಿ ತುಂಬಿ, ಅದರಂತೆ ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು ನನ್ನ ಕೆಲಸ. ತೂತಿದ್ದ ಕಡೆ ಜರಿ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ, ಅಷ್ಟೇ ಗುಟ್ಟು. ಆ ಕೆಲಸದಲ್ಲಿ ನನ್ನ ಕೈ ಎಂದೂ ತಪ್ಪಿದ್ದಿಲ್ಲ. ತಪ್ಪಿದ್ದೆಲ್ಲ ತಾಳದಲ್ಲಿ.

೧. ಊದಿನಕಡ್ಡಿಯ ಪಂಥ

ಪ್ರತಿ ಶನಿವಾರ ಸಂಜೆ ನಮ್ಮ ಬೀದಿಯಲ್ಲಿ ಭಜನೆ. ಅಪ್ಪ ಮುಂದೆ ನಿಂತು ಹಾಡುವವರು. ನನ್ನ ಕೈಗೆ ಕಂಚಿನ ತಾಳ ಕೊಟ್ಟಿದ್ದರು. ಹಾಡಲು ಬಾರದವನಿಗೆ, ಬಾರಿಸಲು ಬಾರದವನಿಗೆ, ಸುಮ್ಮನೆ ಕೂರಲೂ ಬಾರದವನಿಗೆ ತಾಳ ಕೊಡುವುದು ಎಲ್ಲ ಭಜನೆ ಮನೆಗಳಲ್ಲೂ ನಡೆದುಬಂದ ಪದ್ಧತಿ.

ಒಂದು ಶನಿವಾರ ಯಳಂದೂರಿನಿಂದ ನನ್ನ ಸೋದರಮಾವ ಬಂದರು. ಅವರು ಮೃದಂಗದ ಮೇಷ್ಟ್ರು. ಅವರ ಮಗಳನ್ನು ನಮ್ಮ ಮನೆಗೇ ತರುವುದು ಎಂದು ಅಮ್ಮ ಆ ಹುಡುಗಿಯ ನಾಮಕರಣದ ದಿನವೇ ಸಾರಿಬಿಟ್ಟಿದ್ದಳು. ನಾನೇನು ಬೇಡ ಎಂದವನಲ್ಲ. ಮುಚ್ಚುಮರೆ ಯಾಕೆ, ನನಗೆ ಅವಳ ಮೇಲೆ ಜೀವವೇ ಇತ್ತು.

ಆ ಸಂಜೆ ಮಾವ ಮೃದಂಗಕ್ಕೆ ಕೂತರು, ನಾನು ತಾಳಕ್ಕೆ. ಮೂರನೇ ಹಾಡಿಗೆ ಮಾವ ಬಾರಿಸುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಲೇ ಅಳಿಮಯ್ಯ, ತಾಳ ಆಕ್ತಿದ್ದೀಯೋ, ಕಾಗೆ ಓಡಿಸ್ತಿದ್ದೀಯೋ?"

ಅಮ್ಮ ಅಡ್ಡ ಬಂದಳು. "ಮದುವೆ ಆದ್ಮ್ಯಾಕೆ ಎಲ್ಲ ಸರಿಯೋಯ್ತದೆ ಬುಡಣ್ಣ."

"ಏನು ಸರಿಯೋಯ್ತದೆ? ಎಂಟು ಎಣಿಸಕ್ಕೆ ಬರದೋನಿಗೆ ನನ್ನ ಮಗಳ ಕೊಟ್ಟು, ಉಟ್ಟೋ ಮೊಮ್ಮಕ್ಕಳಿಗೂ ಇದೇ ರೋಗ ಅಂಟುಸ್ಬೇಕಾ?"

ಅಮ್ಮ ಅತ್ತಳು, ಅಪ್ಪ ಗೊಣಗಿದರು. ಕೊನೆಗೆ ಮಾವ ಒಂದು ಪಂಥ ಒಡ್ಡಿದರು. ಆದಿತಾಳ, ಎಂಟೇ ಎಂಟು ಎಣಿಕೆ. ಒಂದು ಊದಿನಕಡ್ಡಿ ಉರಿದು ಮುಗಿಯುವವರೆಗೆ ನಾನು ತಪ್ಪದೆ ಹಾಕಿದರೆ ಮಗಳು ನನಗೆ. ಮುಂದಿನ ಉಗಾದಿವರೆಗೆ ಬೇರೆ ಗಂಡು ನೋಡುವುದಿಲ್ಲ, ಆಮೇಲೆ ಒಂದು ಗಳಿಗೆಯೂ ಕಾಯುವುದಿಲ್ಲ.

ಒಂದು ವಾರ ಅಭ್ಯಾಸ ಮಾಡಿ ನೋಡಿದೆ. ಕಡ್ಡಿ ಒಂದು ಬೆರಳು ಉರಿಯುವಷ್ಟರಲ್ಲಿ ನನ್ನ ಎಂಟು ಒಮ್ಮೆ ಒಂಬತ್ತಾಗುತ್ತಿತ್ತು, ಒಮ್ಮೆ ಆರೂವರೆಯಾಗುತ್ತಿತ್ತು. ಬಸ್ಸು ಹತ್ತಿ ಯಳಂದೂರಿಗೇ ಹೋಗಿ ಕೇಳಿದೆ. "ಮಾವ, ನಾನೇ ಆಕ್ಬೇಕಾ? ಇಲ್ಲ, ನಾನು ಮಾಡಿದ ಒಂದು ಯಂತ್ರ ಆಕಿದ್ರೂ ನಡೀತದಾ?"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನೊಬ್ಬ ಬುಟ್ಟು ಯಾರು ಆಕಿದ್ರೂ ಸೈ ಕಣ್ಲಾ. ನಿಮ್ಮಟ್ಟಿ ಎಮ್ಮೆ ಆಕಿದ್ರೂ ಮಗಳ ಕಳುಸ್ತೀನಿ, ಎಮ್ಮೆಗೇ ವಸಿ ಏಳ್ಕೊಟ್ಟು ನೋಡು."

೨. ನಿಧಾನದ ಯಂತ್ರ

ಜರಿಯ ಅಂಚು ತೂತಿನಲ್ಲಿ ಕೂರುವುದಾದರೆ ತಾಳ ಯಾಕೆ ಕೂರಬಾರದು? ಆಚಾರಿಯ ಹತ್ತಿರ ಒಂದು ಮರದ ಉರುಳೆ ಕಡೆಸಿದೆ. ಅದರ ಸುತ್ತ ನಲವತ್ತೆಂಟು ತೂತು, ಉದ್ದಕ್ಕೆ ಅಂಥ ಆರು ಸಾಲು. ತೂತಿಗೆ ಪುಟ್ಟ ಗೂಟ ಸಿಕ್ಕಿಸಿ ಉರುಳೆ ತಿರುಗಿಸಿದರೆ, ಗೂಟ ಒಂದು ಸುತ್ತಿಗೆಯನ್ನು ಎತ್ತಿ ಬಿಡುತ್ತದೆ. ಎರಡು ಸುತ್ತಿಗೆ ಚೌಕಟ್ಟಿಗೆ ಕಟ್ಟಿದ ಹಳೆಯ ಮೃದಂಗದ ಬಲಕ್ಕೆ, ಎರಡು ಎಡಕ್ಕೆ, ಒಂದು ಗಂಟೆಗೆ, ಒಂದು ಕಂಚಿನ ತಾಳಕ್ಕೆ. ಎಂಟು ಎಣಿಕೆಗೆ ತಲಾ ಆರು ತೂತು, ಒಂದೊಂದು ಎಣಿಕೆಯನ್ನು ಎರಡಾಗಿ ಒಡೆಯಬಹುದು, ಮೂರಾಗಿಯೂ ಒಡೆಯಬಹುದು. ಎಲ್ಲಿ ಗೂಟ ಬರಬೇಕೆಂದು ಸೀರೆಗೆ ಬರೆಯುವ ಗ್ರಾಫ್ ಹಾಳೆಯಲ್ಲೇ ಬರೆದುಕೊಂಡೆ. ತಿರುಗಿಸಲು ಹೊಲಿಗೆ ಮಿಷನ್ನಿನ ಪೆಡಲು. ನನ್ನ ಕಾಲಿಗೂ ತಾಳವಿಲ್ಲವಲ್ಲ, ಅದು ಎತ್ತೆತ್ತಲೋ ತುಳಿದರೂ ಉರುಳೆ ಒಂದೇ ಸಮ ತಿರುಗಲಿ ಎಂದು ಅಮ್ಮನ ಬೀಸುವ ಕಲ್ಲಿನ ಮೇಲಿನ ಹೋಳನ್ನು ಚಕ್ರಕ್ಕೆ ಕಟ್ಟಿದೆ. ಅಮ್ಮ ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ಮುಂದಿನ ಶನಿವಾರ ಯಂತ್ರವನ್ನು ಭಜನೆಗೆ ಹೊತ್ತು ತಂದೆ. ನಮ್ಮವರು ಯಾವ ಹಾಡನ್ನೂ ಎತ್ತಿನ ಗಾಡಿಯಂತೆ ಶುರುಮಾಡಿ, ಬೆಟ್ಟ ಇಳಿಯುವ ಬಸ್ಸಿನಂತೆ ಮುಗಿಸುವವರು. ಯಂತ್ರಕ್ಕೆ ಆ ಅಭ್ಯಾಸ ಇರಲಿಲ್ಲ. ಅದು ಹೊರಟ ವೇಗದಲ್ಲೇ ನಡೆಯಿತು. ಇವರು ಕೊನೆಯ ನುಡಿ ಮುಗಿಸಿ, ಮಂಗಳಾರತಿ ಎತ್ತಿ, ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಾಗಲೂ ಯಂತ್ರ ಅದೇ ಹಾಡಿನ ಮೂರನೇ ನುಡಿಯಲ್ಲಿತ್ತು.

"ಏನ್ಲಾ ನಿನ್ನ ಮಿಸನ್ನು, ನಿದ್ದೆ ಗಿದ್ದೆ ಬಂದದಾ ಅದ್ಕೆ?" ಎಂದರು ಅಪ್ಪ.

"ಅದು ಸರಿಯಾಗೇ ಹೋಗ್ತಾ ಅದೆ ಕಣಪ್ಪ. ಓಡಿದ್ದು ನೀವು."

"ಮೂವತ್ತು ವರ್ಷದಿಂದ ಓಡ್ತಾ ಇವಿ, ದೇವರು ಒಂದಿನ ಬಂದು ನಿಧಾನ ಅಂದಿದ್ದಾನಾ? ಅವ್ನಿಗೂ ಪ್ರಸಾದ ಆರೋಯ್ತದೆ ಅಂತ ಗೊತ್ತು ಕಣ್ಲಾ."

೩. ಏಳಕ್ಕೆ ಎಂಟು

ನಮ್ಮ ಭಜನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಅವರಿಗೆ ಬರುತ್ತಿದ್ದುದು ಒಂದೇ ಹಾಡು, ಅದೂ ಏಳು ಎಣಿಕೆಯದು. ನನ್ನ ಉರುಳೆಯಲ್ಲಿ ನಲವತ್ತೆಂಟು ತೂತು. ನಲವತ್ತೆಂಟನ್ನು ಏಳರಿಂದ ಭಾಗಿಸಿ ನೋಡಿ, ಬ್ರಹ್ಮ ಬಂದರೂ ಆಗದು. ಆದ್ದರಿಂದ ದೊಡ್ಡಮ್ಮನ ಸಾಲು ಮುಗಿದರೂ ಯಂತ್ರದಲ್ಲಿ ಒಂದು ಎಣಿಕೆ ಮಿಕ್ಕಿರುತ್ತಿತ್ತು.

"ದೊಡ್ಡಮ್ಮ, ಪ್ರತಿ ಸಾಲಿಗೂ ಒಂದು ಎಣಿಕೆ ಖಾಲಿ ಉಳೀತದೆ. ಏನಾದ್ರೂ ತುಂಬ್ಸಿ."

"ಏನ ತುಂಬ್ಸಾದು ಮಗ? ಹಾಡು ಇರೋದೇ ಇಷ್ಟು."

"ಏನಾದ್ರೂ ಸರಿ."

ದೊಡ್ಡಮ್ಮನ ಬಾಯಲ್ಲಿ ಎಲೆಅಡಿಕೆ ಇತ್ತು. ಅದನ್ನು ಒಂದು ಕೆನ್ನೆಗೆ ಒತ್ತಿ, ಸಾಲಿನ ಕೊನೆಗೆ "ಹೂಂ" ಎಂದರು. ಸರಿಯಾಗಿ ಕೂತಿತು! ಎರಡನೇ ಸಾಲಿಗೆ ಇಡೀ ಭಜನೆಯೇ "ಹೂಂ" ಎಂದಿತು. ತಿಂಗಳೊಪ್ಪತ್ತಿನಲ್ಲಿ ಪಕ್ಕದ ಬೀದಿಯ ಹೆಂಗಸರೂ ಹಾಗೇ ಹಾಡತೊಡಗಿದರು. ಕೇಳಿದವರಿಗೆ ದೇವರು ಏನೋ ಕೇಳುತ್ತಿದ್ದಾನೆ, ಇವರು ಒಪ್ಪಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ನನ್ನ ಗ್ರಹಚಾರಕ್ಕೆ ಆ ಹಾಡು ಮಾಂಬಳ್ಳಿಯ ಒಂದು ಮದುವೆ ಮನೆಯನ್ನೂ ಮುಟ್ಟಿತು. ಅಲ್ಲಿ ಮೃದಂಗಕ್ಕೆ ಕೂತಿದ್ದವರು ನಮ್ಮ ಮಾವ. ಹೆಂಗಸರು ಎಂಟನೇ ಎಣಿಕೆಗೆ "ಹೂಂ" ಎಂದಾಗ ಮಾವನ ಕೈ ಗಾಳಿಯಲ್ಲಿ ನಿಂತಿತಂತೆ. "ಯಾರವ್ವಾ ಇಂಗೆ ಏಳ್ಕೊಟ್ಟೋರು?" ಎಂದು ಕೇಳಿದ್ದಾರೆ. "ಕೊಳ್ಳೇಗಾಲದಲ್ಲಿ ಒಂದು ಮಿಸನ್ನು ಅದಂತೆ ಕಣಣ್ಣ, ಅದೇ ಏಳ್ಕೊಡ್ತದಂತೆ" ಎಂದು ಉತ್ತರ ಬಂದಿದೆ.

ಮೂರನೇ ದಿನಕ್ಕೆ ನನಗೊಂದು ಕಾರ್ಡು ಬಂತು. ಕ್ಷೇಮ ಸಮಾಚಾರ ಇಲ್ಲ, ಆಶೀರ್ವಾದ ಇಲ್ಲ. ಎರಡೇ ಸಾಲು: "ಸಪ್ತಪದಿಗೆ ಎಂಟನೇ ಹೆಜ್ಜೆ ಇಡುವ ಅಳಿಯ ನನಗೆ ಬೇಡ. ಉಗಾದಿಗೆ ಇನ್ನು ಮೂರೇ ತಿಂಗಳು, ಹೂಂ."

೪. ರಾಗಿ ಮುಗಿಯುವ ತನಕ

ಮಾವನ ಕಿವಿಗೆ ಒಂದಾದರೂ ಒಳ್ಳೆಯ ಸುದ್ದಿ ಬೀಳಲಿ ಎಂದು ಹನೂರಿನ ನಾಟಕವೊಂದಕ್ಕೆ ಒಪ್ಪಿಕೊಂಡೆ. ಅವರ ತಬಲದವನಿಗೆ ಕೈ ಉಳುಕಿತ್ತು. ಇಷ್ಟು ದೊಡ್ಡ ಕೆಲಸಕ್ಕೆ ಪೆಡಲು ತುಳಿಯುವುದು ಮರ್ಯಾದೆಯಲ್ಲ ಎಂದು ಯಂತ್ರಕ್ಕೆ ಹಳೆಯ ಫ್ಯಾನಿನ ಮೋಟಾರು ಕೂರಿಸಿದೆ. ಭಾನುವಾರ ಬೆಳಿಗ್ಗೆ ಒಂದು ಉಗ್ರಾಣದಲ್ಲಿ ಕೊನೆಯ ಪ್ರಾಕ್ಟೀಸು. ಪಕ್ಕದಲ್ಲೇ ಹಿಟ್ಟಿನ ಗಿರಣಿ. ಅದನ್ನು ನಾನು ಗಮನಿಸಬೇಕಿತ್ತು.

ದುಷ್ಟ ರಾಜನ ಪಾತ್ರ ಊರಿನ ಒಬ್ಬ ದಪ್ಪ ಯಜಮಾನರದು. ಕೊನೆಯ ದೃಶ್ಯದಲ್ಲಿ ಅವರು ಬಾಣ ತಗುಲಿ, ಒಂಟಿ ಕಾಲಿನಲ್ಲಿ ಮೂರು ಸುತ್ತು ತಿರುಗಿ, "ಧೋಂ" ಎಂದಾಗ ಬಿದ್ದು ಸಾಯಬೇಕು. ಬಾಣ ತಗುಲಿತು. ಯಜಮಾನರು ಕಾಲು ಎತ್ತಿದರು. ಅದೇ ಗಳಿಗೆಗೆ ಗಿರಣಿಯವನು ರಾಗಿ ಹಾಕಿ ಸ್ವಿಚ್ಚು ಒತ್ತಿದ. ದೀಪ ಮಂಕಾಯಿತು, ನನ್ನ ಮೋಟಾರು ಸುಸ್ತಾಯಿತು. ತ... ಕ... ಧಿ... ಎಂದು ಯಂತ್ರ ತೆವಳತೊಡಗಿತು.

ಯಜಮಾನರು ಒಂಟಿ ಕಾಲಿನಲ್ಲಿ ಓಲಾಡುತ್ತಿದ್ದರು. ಮುಖದಿಂದ ಬಣ್ಣ ಇಳಿಯುತ್ತಿತ್ತು. ನಾಟಕದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಸಾಯಿ ಯಜಮಾನ, ಸಾಯಿ!"

"ಎಂಗೆ ಸಾಯ್ಲಿ ಸಾ? ಇನ್ನೂ ಧೋಂ ಅಂದೇ ಇಲ್ವಲ್ಲ!"

ಅಷ್ಟರಲ್ಲಿ ಗಿರಣಿ ನಿಂತಿತು. ದೀಪ ಭಗ್ಗೆಂದಿತು. ಯಂತ್ರ ದೆವ್ವ ಬಡಿದ ಹಾಗೆ ಧೋಂ ಎಂದಿತು. ಯಜಮಾನರು ಸತ್ತರು. ಕೂಡಲೇ ಮತ್ತೊಂದು ಧೋಂ. ಮಾತಿಗೆ ತಪ್ಪದ ಮನುಷ್ಯ, ಎದ್ದು ಮತ್ತೆ ಸತ್ತರು. ಹೀಗೆ ನಾಲ್ಕು ಸಲ ಸತ್ತ ಮೇಲೆ ಮೇಷ್ಟ್ರು ಓಡಿಬಂದು ಮೋಟಾರಿನ ತಂತಿ ಕಿತ್ತರು. ನನ್ನನ್ನೂ ಯಂತ್ರವನ್ನೂ ಹೊರಗೆ ದಬ್ಬಿದ್ದೂ ಅವರೇ.

ಬಾಗಿಲಲ್ಲಿ ಹಿಟ್ಟು ಮೆತ್ತಿದ ಮೈಯಲ್ಲಿ ಗಿರಣಿಯವನು ನಿಂತಿದ್ದ. ಬಹಳ ವಿನಯದಿಂದ ಒಳಗೆ ಇಣುಕಿ ಹೇಳಿದ. "ಯಜಮಾನ್ರೇ, ನೀವು ಸಾಯಾದಿದ್ರೆ ಮುಂಚೇನೆ ಏಳ್ಕಳ್ಸಿ ಬುದ್ಧಿ. ರಾಗಿ ಆಕಾದ ನಿಲ್ಲಿಸ್ಬುಡ್ತೀನಿ."

೫. ಕಾಮಗೆರೆಯಲ್ಲಿ ಡಂಗುರ

ಅವತ್ತೇ ಮಧ್ಯಾಹ್ನದ ಬಸ್ಸಿಗೆ ಕೊಳ್ಳೇಗಾಲದ ಕಡೆ ಹೊರಟೆ. ಯಂತ್ರವನ್ನು ಬಸ್ಸಿನ ನೆತ್ತಿಗೆ ಹಾಕಿಸಿ ಹಗ್ಗ ಬಿಗಿದಿದ್ದೆ. ದಾರಿಯ ಹಳ್ಳದಿಣ್ಣೆಗೆ ಕುಲುಕಿ ಕುಲುಕಿ, ಬೀಸುವ ಕಲ್ಲು ತಾನೇ ತಿರುಗತೊಡಗಿದ್ದು ಒಳಗೆ ಕೂತ ನನಗೆ ಗೊತ್ತಾಗಲಿಲ್ಲ. ಕಾಮಗೆರೆಯಲ್ಲಿ ಬಸ್ಸು ನಿಂತಿತು. ಕಲ್ಲು ನಿಲ್ಲಲಿಲ್ಲ. ಬಸ್ಸಿನ ಮೇಲಿನಿಂದ ತಕ ಧಿಮಿ ಧೋಂ ಎಂದು ಶಬ್ದ ಶುರುವಾಯಿತು.

ಆಗೆಲ್ಲ ಸರ್ಕಾರದ ಸುದ್ದಿ ಏನಿದ್ದರೂ ಊರಿಗೆ ತಮಟೆ ಬಡಿದು ಸಾರುವ ಕಾಲ. ಜನ ಕೆಲಸ ಬಿಟ್ಟು ಬಂದು ಬಸ್ಸಿನ ಮುಂದೆ ನೆರೆದರು.

"ಏನಂತೆ? ಸಕ್ಕರೆ ಬಂದದಾ?"

"ಕಂದಾಯ ಇರಬೇಕು ಕಣ, ಸಕ್ಕರೆಗೆ ಇಷ್ಟು ಜೋರಾಗಿ ಒಡೆಯಕ್ಕಿಲ್ಲ."

ಡ್ರೈವರ್ ಹಾರನ್ ಒತ್ತಿದ. ಯಾರೂ ಅಲ್ಲಾಡಲಿಲ್ಲ, ಸಾರುವುದು ಕೇಳದೆ ಹೋಗುವುದು ಹೇಗೆ? ಕಂಡಕ್ಟರ್ ನನ್ನ ತೋಳು ಹಿಡಿದು ಏಣಿಯ ಹತ್ತಿರ ನಿಲ್ಲಿಸಿದ. "ನೀನು ತಂದಿರೋ ಶನಿ, ನೀನೇ ಏನಾದ್ರೂ ಏಳಿ ಕಳ್ಸು ಮಾರಾಯ. ನಂಗೆ ಟೈಮಾಯ್ತದೆ."

ನಾನು ಏಣಿ ಹತ್ತಿದೆ. ಇನ್ನೂರು ಕಣ್ಣು ನನ್ನ ಮೇಲೆ. "ಏನೂ ಇಲ್ಲ ಕಣ್ರಪ್ಪಾ, ಏನೂ ಇಲ್ಲ! ಎಲ್ಲ ಮನೆಗೆ ಹೋಗಿ!" ಎಂದು ಕೂಗಿದೆ.

ಕೋಲೂರಿಕೊಂಡು ನಿಂತಿದ್ದ ಮುದುಕರೊಬ್ಬರು ತಲೆದೂಗಿ ಜನಕ್ಕೆ ಹೇಳಿದರು. "ನೋಡಿದ್ರಾ? ಏನೂ ಇಲ್ಲ ಅನ್ನಾದ ಏಳಕ್ಕೇ ಬಸ್ಸು ಮಾಡ್ಕಂಡು, ಆಳು ಇಟ್ಟು, ತಮಟೆ ಒಡ್ಸವ್ರೆ. ಇದೇ ಕಣಪ್ಪ ಸರ್ಕಾರ ಅಂದ್ರೆ!"

೬. ಪರೀಕ್ಷೆ

ಉಗಾದಿ ಹತ್ತಿರ ಬಂತು. ಮೋಟಾರು ಕಿತ್ತು ಮತ್ತೆ ಪೆಡಲು ಹಾಕಿದೆ. ಒಂದು ಬೆಳಿಗ್ಗೆ ಕೂತು ಒಂದೇ ಅಳತೆಯ ಎರಡು ಹಾಳೆ ಬರೆದೆ. ಒಂದರಲ್ಲಿ ಪರೀಕ್ಷೆಯ ಆದಿತಾಳ, ಅಲ್ಲೊಂದು ಇಲ್ಲೊಂದು ಚೌಕ. ಇನ್ನೊಂದರಲ್ಲಿ ಮದುವೆ ಸೀರೆಯ ಅಂಚು. ಗೋಪುರ ಬರೆದು ಬರೆದು ಬೇಸರವಾಗಿತ್ತು, ಅದಕ್ಕೆ ಅಲೆ ಏರಿ ಇಳಿಯುವಂಥ ಹೊಸ ನಮೂನೆ ಹಾಕಿದ್ದೆ. ಮದುವೆಯೇ ಗೊತ್ತಾಗದೆ ಸೀರೆ ಯಾಕೆ ಎಂದು ಕೇಳಬೇಡಿ, ಅಮ್ಮನನ್ನು ಕೇಳಿ.

ಅವತ್ತು ಸಂಜೆಯೇ ನನಗೆ ಗದ್ದಬಾವು ಬಂತು. ಕೆನ್ನೆ ಎರಡೂ ಊದಿ, ಕಿವಿಗೆ ಬಟ್ಟೆ ಸುತ್ತಿಕೊಂಡು ಮಲಗಿಬಿಟ್ಟೆ. "ಒಂದು ಮಗ್ಗಕ್ಕೆ, ಒಂದು ಉರುಳೆಗೆ" ಎಂದು ಎರಡು ಹಾಳೆಯನ್ನೂ ಅಪ್ಪನ ಕೈಗೆ ಕೊಟ್ಟೆ. ಕಾರ್ಡಿಗೆ ತೂತು ಹೊಡೆದು ಸೀರೆ ನೇದು ಮುಗಿಸಿದ್ದೂ ಅವರೇ, ಉರುಳೆಗೆ ಗೂಟ ಸಿಕ್ಕಿಸಿದ್ದೂ ಅವರೇ. ನಾನು ಮೇಲೇಳುವ ಹೊತ್ತಿಗೆ ಸೀರೆ ಅಮ್ಮನ ಚೀಲ ಸೇರಿತ್ತು, ಉರುಳೆ ಸುತ್ತಿಗೆಗಳಡಿ ಮುಚ್ಚಿಹೋಗಿತ್ತು. ಯಂತ್ರ ತುಳಿದು ನೋಡಿದೆ. ಶಬ್ದ ಬಂತು. ಸರಿಯೋ ತಪ್ಪೋ ಕೇಳಿ ತಿಳಿಯುವ ಕಿವಿ ಇದ್ದಿದ್ದರೆ ನನಗೆ ಯಂತ್ರವಾದರೂ ಯಾಕೆ ಬೇಕಿತ್ತು?

ಉಗಾದಿಗೆ ಎರಡು ದಿನ ಇರುವಾಗ ಯಳಂದೂರಿಗೆ ಹೋದೆವು. ಮಾವ ಊದಿನಕಡ್ಡಿ ಹಚ್ಚಿ, ಕಾಲು ಮಡಿಸಿ ಕೂತು, ತೊಡೆಯ ಮೇಲೆ ಕೈಯಿಟ್ಟರು. ಮಗಳು ಬಾಗಿಲಿಗೆ ಒರಗಿ ನಿಂತಳು. ನನ್ನ ಎದೆ ಮಾತ್ರ ಯಾವ ತಾಳಕ್ಕೂ ಸಿಗದ ಹಾಗೆ ಬಡಿಯುತ್ತಿತ್ತು. ಪೆಡಲು ತುಳಿದೆ.

ಮೊದಲು ಒಂದೇ ಸುತ್ತಿಗೆ, ತಿಕ್. ಆಮೇಲೆ ಎರಡು, ಮೂರು. ಏರುತ್ತಾ ಏರುತ್ತಾ ಆರೂ ಒಟ್ಟಿಗೆ ಝಲ್ಲೆಂದು, ಮತ್ತೆ ಒಂದೊಂದೇ ಕಡಿಮೆಯಾಗಿ ತಿಕ್ ಎಂದು ಅಡಗಿತು. ಮತ್ತೆ ಏರಿತು. ಮಾವನ ಕೈ ಒಮ್ಮೆ ತಡೆಯಿತು. ಹುಬ್ಬು ಮೇಲೇರಿತು. ಎಂಟು ಎಣಿಕೆಗೆ ನಾಲ್ಕು ಅಲೆ, ಒಂದಿಷ್ಟೂ ಆಚೀಚೆ ಇಲ್ಲ. ಅವರು ಕಣ್ಣು ಮುಚ್ಚಿದರು, ತಲೆದೂಗಿದರು. ಕಡ್ಡಿ ಬೂದಿಯಾಗುವ ಹೊತ್ತಿಗೆ ಅವರ ಕಣ್ಣಲ್ಲಿ ನೀರಿತ್ತು.

"ಸಣ್ಣಗೆ ಉಟ್ಟಿ, ತುಂಬ್ಕಂಡು, ಸಣ್ಣಗೆ ಕರಗೋ ನಡೆ! ನಮ್ಮ ಗುರುಗಳ ಕೈಯಲ್ಲಿ ಒಂದೇ ಒಂದ್ಸಲ ಕೇಳಿದ್ದೆ ಕಣ್ಲಾ. ಯಾರು ಏಳ್ಕೊಟ್ರು ನಿಂಗೆ?"

"ಎಲ್ಲ ನಿಮ್ಮ ಆಶೀರ್ವಾದ ಮಾವ" ಎಂದೆ. ಅಮ್ಮ ತಡಮಾಡಲಿಲ್ಲ, ಚೀಲದಿಂದ ಸೀರೆ ತೆಗೆದು ಹುಡುಗಿಯ ಕೈಗಿಟ್ಟಳು.

ಅವಳು ಅಂಚನ್ನು ನೋಡಿದಳು. ಮೃದಂಗದವರ ಮನೆಯ ಹುಡುಗಿ, ಬೆರಳು ತಾನಾಗಿ ಬಾಗಿಲ ಮರವನ್ನು ಬಡಿಯತೊಡಗಿತು. "ಅಪ್ಪ, ಇಲ್ನೋಡು. ಈ ಅಂಚಲ್ಲಿ ಆದಿತಾಳ ಅದೆ!"

ನಾನು ಸೀರೆ ನೋಡಿದೆ. ಅಲೆ ಎಲ್ಲೂ ಇಲ್ಲ. ಪರೀಕ್ಷೆಯ ತಾಳ ಜರಿಯಲ್ಲಿ ಮಿರಮಿರ ಮಿಂಚುತ್ತಿತ್ತು. ಅಪ್ಪನ ಕಡೆ ತಿರುಗಿದೆ.

ಅಪ್ಪ ಒಂದಿಷ್ಟೂ ಅಳುಕಲಿಲ್ಲ. "ನಮ್ಮ ಭಜನೆ ಎಂಗೆ? ಸಣ್ಣಗೆ ಶುರುವಾಯ್ತದೆ, ಏರ್ತದೆ. ಏರಾದು ಇದ್ದ ಆಳೆ ತಾಳದ್ದು, ಚುಕ್ಕಿ ಚುಕ್ಕಿ ಇದ್ದದ್ದು ಹೊಸ ಫ್ಯಾಷನ್ನು ಅಂದ್ಕಂಡೆ."

ಮಾವ ಮೆಲ್ಲಗೆ ಕಣ್ಣೊರೆಸಿಕೊಂಡರು. "ಅಂದ್ರೆ ನಾನು ಇಷ್ಟೊತ್ತು ಕಣ್ಣೀರಾಕಿದ್ದು ಸೀರೆ ಅಂಚಿಗಾ?" ಕಡ್ಡಿಯ ಬೂದಿಯನ್ನು ಉಫ್ ಎಂದು ಊದಿದರು. "ಕೇಳಿದ್ದು ಆದಿತಾಳ. ಮಿಸನ್ನು ಅದ ಬಾರಿಸ್ನಿಲ್ಲ. ಫೇಲು."

ಆಗ ಹುಡುಗಿ ಸೀರೆಯನ್ನು ಎದೆಗೆ ಒತ್ತಿಕೊಂಡು ಹೇಳಿದಳು. "ನಿನ್ನ ಊದಿನಕಡ್ಡಿ ಉರಿದೋಯ್ತಪ್ಪ. ಈ ಸೀರೆ ಉದ್ದಕ್ಕೂ ತಾಳ ಆಕ್ತಾನೇ ಅದೆ, ಇನ್ನೂ ಮುಗುದಿಲ್ಲ. ಬರೆದೋರು ಬಾವನೇ ಅಲ್ವಾ?"

ಮಾವ ತಬ್ಬಿಬ್ಬಾದರು. ಸೀರೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, "ಆಗ್ಲಿ, ಆದ್ರೆ ಇಡೀ ಸೀರೇಲಿ ತಾಳದ ಒಂದು ಅಕ್ಷರ, ಒಂದೇ ಒಂದು ಎಣಿಕೆ ತಪ್ಪಿದ್ರೂ ನಾನು ಒಪ್ಪಕ್ಕಿಲ್ಲ" ಎಂದು ಎಣಿಸಲು ಕೂತರು. ಅಪ್ಪ ಥಟ್ಟನೆ ಸೀರೆ ಮಡಿಸಿಟ್ಟರು. "ಕೈ ಬೆವರು ಅಂಟ್ತದೆ ಬುಡು ಬಾವ. ಮದುವೆ ದಿನ ಉಟ್ಟಾಗ ನೋಡ್ಕಳಿವಂತೆ."

ನೋಡಿಯೇ ನೋಡಿದರು. ಮದುವೆಯ ದಿನ ಧಾರೆ ಎರೆಯುವಾಗಲೂ ಅವರ ಕಣ್ಣು ಮಗಳ ಸೀರೆಯ ಅಂಚಿನ ಮೇಲೆ, ಬೆರಳು ತೊಡೆಯ ಮೇಲೆ. ಪುರೋಹಿತರು ಗಟ್ಟಿಮೇಳ ಎಂದರು. ವಾದ್ಯ ಮೊಳಗಿತು, ನಾನು ತಾಳಿ ಹಿಡಿದು ಬಗ್ಗಿದೆ. ಅಷ್ಟರಲ್ಲಿ ಮಾವ ಕೈ ಎತ್ತಿ ಅರಚಿದರು. "ನಿಲ್ಸಿ, ನಿಲ್ಸಿ! ಸೆರಗಿನ ತಾವ ಒಂದು ಅಕ್ಷರ ಬಿದ್ದೋಗದೆ!"

ವಾದ್ಯ ಗಪ್ಪನೆ ನಿಂತಿತು. ಅಕ್ಷತೆ ಹಿಡಿದ ಕೈಗಳು ಮೇಲೇ ಉಳಿದವು. ಮಾವ ಮಂಡಿಯೂರಿ ಸೆರಗು ಹಿಡಿದು ಮೊದಲಿನಿಂದ ಎಣಿಸತೊಡಗಿದರು. ತಲೆ ತಗ್ಗಿಸಿ ಕೂತಿದ್ದ ಮದುಮಗಳು ತುಟಿ ಅಲ್ಲಾಡಿಸದೆ ಉಸುರಿದಳು. "ಅಪ್ಪ ಎಣಿಸಿ ಮುಗಿಸಾದ್ರೊಳಗೆ ಕಟ್ಬುಡಿ ಬಾವ."

ಕಟ್ಟಿದೆ. ಗಟ್ಟಿಮೇಳವಿಲ್ಲದೆ, ಅಕ್ಷತೆಯಿಲ್ಲದೆ, ಸಿಕ್ಕಾಪಟ್ಟೆ ಅವಸರದಲ್ಲಿ ಕಟ್ಟಿದೆ.

ಮಾವ ತಲೆ ಎತ್ತಿದರು. ಮುಖ ಸಪ್ಪಗಾಗಿತ್ತು. "ಸೀರೆ ಸರಿಯಾಗೇ ಅದೆ ಕಣಪ್ಪ" ಎಂದರು, ತೀರ ಸಣ್ಣ ದನಿಯಲ್ಲಿ. "ನಾನೇ ಎಣಿಕೆ ತಪ್ಪುಸ್ಬುಟ್ಟಿದ್ದೆ. ಊಂ, ಬಾರಿಸ್ರಪ್ಪ. ಕಟ್ಟು ಅಳಿಮಯ್ಯ, ಮೂರು ಗಂಟು."

"ಕಟ್ಟಾಯ್ತಪ್ಪ" ಎಂದಳು ನನ್ನ ಹೆಂಡತಿ, ಕತ್ತು ಮುಟ್ಟಿ ನೋಡಿಕೊಳ್ಳುತ್ತಾ. "ಎಣಿಸ್ತಾನೇ ಇದ್ದೆ. ನಾಲ್ಕು ಬಿದ್ದವೆ."